ಲಾಗಿನ್ ಆದವರ ಮಾಹಿತಿ ಕಾಂಪೊನೆಂಟ್‌ಗೆ ಸಿಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವೆಬ್ ಆಪ್ ಕಟ್ಟುವವರೆಲ್ಲ ಒಂದಲ್ಲ ಒಂದು ದಿನ ಈ ಕೆಲಸಕ್ಕೆ ಕೈ ಹಾಕಲೇಬೇಕು: ಪುಟದ ಮೇಲಿನ ಮೂಲೆಯಲ್ಲಿ ಲಾಗಿನ್ ಆದವರ ಹೆಸರು ತೋರಿಸುವುದು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಅಂದುಕೊಂಡು ಶುರು ಮಾಡಿದರೆ ಎರಡು ದಿನ ಹಿಡಿಯುತ್ತದೆ. ಹೊಸದಾಗಿ ಸೇರಿದವರು ನನ್ನ ಹತ್ತಿರ ಕೇಳುತ್ತಾ ಬಂದ ಪ್ರಶ್ನೆಗಳನ್ನು, ನಾನೇ ಎಡವಿ ಬಿದ್ದು ಕಲಿತ ಕೆಲವನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕಾಂಪೊನೆಂಟ್ ಅಂದರೆ ಪುಟವನ್ನು ಕಟ್ಟುವ ಒಂದೊಂದು ತುಂಡು. ಉದಾಹರಣೆಗಳು ಜಾಸ್ತಿ ರಿಯಾಕ್ಟ್ ಎಂಬ ಲೈಬ್ರರಿಯವು. ಅದೇ ಕೆಲಸಕ್ಕೆ ವ್ಯೂ, ಆಂಗ್ಯುಲರ್, ಬ್ಲೇಜರ್ ಬಳಸುವವರಿಗೂ ಮುಂದೆ ಜಾಗ ಇದೆ.

ಬರೀ ಹೆಸರು ತೋರಿಸಬೇಕು ಅಷ್ಟೇ. ಅದಕ್ಕೆ ಇಷ್ಟೊಂದು ರಾಮಾಯಣ ಯಾಕೆ?

ಬ್ರೌಸರ್ ಮತ್ತು ಸರ್ವರ್ ಮಾತಾಡಲು ಬಳಸುವ ಎಚ್‌ಟಿಟಿಪಿಗೆ ನೆನಪಿನ ಶಕ್ತಿ ಇಲ್ಲ, ಅದಕ್ಕೆ. ಒಂದು ರಿಕ್ವೆಸ್ಟ್ ಮುಗಿದು ಇನ್ನೊಂದು ಬಂದಾಗ, ಇವರು ಈಗಷ್ಟೇ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವರು ಎಂದು ಸರ್ವರ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಲಾಗಿನ್ ಆದ ಕೂಡಲೇ ಸರ್ವರ್ ಒಂದು ಗುರುತು ಕೊಟ್ಟು ಕಳಿಸುತ್ತದೆ. ಅದು ಸೆಷನ್ ಕುಕೀ ಆಗಿರಬಹುದು, ಟೋಕನ್ ಆಗಿರಬಹುದು. ಮುಂದಿನ ಪ್ರತಿ ರಿಕ್ವೆಸ್ಟ್‌ನ ಜೊತೆಗೂ ಆ ಗುರುತು ಹೋಗುತ್ತದೆ. ಅದನ್ನು ನೋಡಿ ಸರ್ವರ್ "ಓ, ಇವರಾ" ಎನ್ನುತ್ತದೆ.

ಇಲ್ಲಿ ಗಮನಿಸಿ. ಯಾರು ಎಂದು ಗೊತ್ತಾಗಿದ್ದು ಸರ್ವರ್‌ಗೆ. ಬ್ರೌಸರ್‌ನಲ್ಲಿ ಓಡುವ ನಿಮ್ಮ ಹೆಡರ್ ಕಾಂಪೊನೆಂಟ್‌ಗೆ ಏನೂ ಗೊತ್ತಿಲ್ಲ, ಯಾರಾದರೂ ಹೇಳಬೇಕು. ಹೇಳಿದ ಮೇಲೂ ಅದರ ಕೈಯಲ್ಲಿರುವುದು ಬಳಕೆದಾರರ ಫೋಟೋ ಮಾತ್ರ, ಆಸಾಮಿ ಇರುವುದು ಸರ್ವರ್‌ನಲ್ಲೇ. ಫೋಟೋ ಹಳೆಯದಾಗಬಹುದು. ಯಾರಾದರೂ ತಿದ್ದಬಹುದು. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ, ಫೋಟೋವನ್ನೇ ಆಸಾಮಿ ಅಂದುಕೊಂಡಿದ್ದರಿಂದ ಹುಟ್ಟಿದವು.

ಟೋಕನ್ ಬಿಚ್ಚಿದರೆ ಅದರಲ್ಲೇ ಹೆಸರು ಇರುತ್ತದಲ್ಲ? ಅದನ್ನೇ ಓದಿಕೊಂಡರೆ ಆಗಲ್ವಾ?

ಟೋಕನ್ ಜೆಡಬ್ಲ್ಯೂಟಿ (ಜೇಸನ್ ವೆಬ್ ಟೋಕನ್) ಆಗಿದ್ದರೆ ಓದಬಹುದು. ಅದರಲ್ಲಿ ಮೂರು ತುಂಡುಗಳಿರುತ್ತವೆ: ಹೆಡರ್, ಪೇಲೋಡ್, ಸಿಗ್ನೇಚರ್. ನಡುವೆ ಚುಕ್ಕಿ. ಉದ್ದನೆಯ ಸಾಲು ಇ, ವೈ, ಜೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾದರೆ ಅದು ಬಹುತೇಕ ಜೆಡಬ್ಲ್ಯೂಟಿಯೇ. ಜೇಸನ್‌ನ ಮೊದಲ ಬ್ರಾಕೆಟ್ ಮತ್ತು ಕೋಟ್ ಚಿಹ್ನೆಯನ್ನು ಬೇಸ್64 ಎಂಬ ಬರಹರೂಪಕ್ಕೆ ಇಳಿಸಿದರೆ ಹಾಗೆ ಕಾಣುತ್ತದೆ. ನಡುವಿನ ತುಂಡನ್ನು ಬಿಚ್ಚಿದರೆ ಹೆಚ್ಚುಕಮ್ಮಿ ಹೀಗಿರುತ್ತದೆ (ಸಬ್ ಅಂದರೆ ಬಳಕೆದಾರರ ಐಡಿ, ಎಕ್ಸ್‌ಪ್ ಅಂದರೆ ಟೋಕನ್ ಅವಧಿ ಮುಗಿಯುವ ಹೊತ್ತು):

{ ಸಬ್: "84213", ನೇಮ್: "ಕೀರ್ತಿ", ರೋಲ್: "ಎಡಿಟರ್", ಎಕ್ಸ್‌ಪ್: 1767225600 }

ಇದು ಬೀಗ ಹಾಕಿದ ಪೆಟ್ಟಿಗೆ ಅಲ್ಲ. ಟೋಕನ್ ಸಿಕ್ಕ ಯಾರು ಬೇಕಾದರೂ ಒಳಗಿರುವುದನ್ನು ಓದಬಹುದು. ಸಿಗ್ನೇಚರ್ ಹೇಳುವುದು "ಇದನ್ನು ಯಾರೂ ತಿದ್ದಿಲ್ಲ" ಎಂದಷ್ಟೇ. ಆದ್ದರಿಂದ ಫೋನ್ ನಂಬರ್, ಹುಟ್ಟಿದ ದಿನ, ಇಂಥವನ್ನೆಲ್ಲ ಪೇಲೋಡ್‌ಗೆ ತುಂಬಬೇಡಿ.

ಬಿಚ್ಚುವಾಗ ಮೂರು ಕಡೆ ಎಡವುತ್ತೇವೆ. ಮೊದಲನೆಯದು, ಇದು ಮಾಮೂಲಿ ಬೇಸ್64 ಅಲ್ಲ, ಯುಆರ್‌ಎಲ್‌ಗೆ ಒಗ್ಗುವ ಬೇಸ್64. ಪ್ಲಸ್ ಇರಬೇಕಾದಲ್ಲಿ ಹೈಫನ್, ಸ್ಲ್ಯಾಶ್ ಇರಬೇಕಾದಲ್ಲಿ ಅಂಡರ್‌ಸ್ಕೋರ್ ಇರುತ್ತದೆ. ಬ್ರೌಸರ್‌ನ ಎಟುಬಿ ಫಂಕ್ಷನ್‌ಗೆ ಹಾಗೇ ಕೊಟ್ಟರೆ ಕೆಲವು ಟೋಕನ್‌ಗೆ ಸರಿ ಹೋಗುತ್ತದೆ, ಕೆಲವಕ್ಕೆ ಎರರ್ ಬರುತ್ತದೆ. "ನನ್ನ ಅಕೌಂಟ್‌ನಲ್ಲಿ ಸರಿಯಾಗಿದೆ, ಅವರದ್ದರಲ್ಲಿ ಇಲ್ಲ" ಅನ್ನುವ ದೂರಿಗೆ ಇದೊಂದು ಕಾರಣ. ಎರಡನೆಯದು ನಮಗೇ ಹೆಚ್ಚು ಕಾಡುವಂಥದ್ದು. ಆ ಫಂಕ್ಷನ್ ಕೊಡುವುದು ಬೈಟ್‌ಗಳನ್ನು. ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೆ (ಯುನಿಕೋಡ್ ಬೇರೆ ಬೇರೆಯಾಗಿ ಎಣಿಸುವ ಅಕ್ಷರ ಅಥವಾ ಗುಣಿತದ ಗುರುತು) ಯುಟಿಎಫ್-8ರಲ್ಲಿ 3 ಬೈಟ್ ಬೇಕು. "ಕೀರ್ತಿ" ಎಂಬ ಹೆಸರಿನಲ್ಲಿ 6 ಕೋಡ್ ಪಾಯಿಂಟ್, ಅಂದರೆ 18 ಬೈಟ್. ಟೆಕ್ಸ್ಟ್ ಡಿಕೋಡರ್‌ಗೆ ಕೊಡದೆ ನೇರವಾಗಿ ತೋರಿಸಿದರೆ ಹೆಸರಿನ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಟೆಸ್ಟ್ ಮಾಡುವ ತಂಡಕ್ಕೆ ಇದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಮೂರನೆಯದು ಎಕ್ಸ್‌ಪ್. ಅದು ಸೆಕೆಂಡ್ ಲೆಕ್ಕ. ಜಾವಾಸ್ಕ್ರಿಪ್ಟ್‌ನ ಡೇಟ್ ಮಿಲಿಸೆಕೆಂಡ್ ಲೆಕ್ಕ. ಮೇಲಿನ ಸಂಖ್ಯೆ ಯುಟಿಸಿ ಪ್ರಕಾರ 2026ರ ಜನವರಿ 1. ಸಾವಿರದಿಂದ ಗುಣಿಸದೆ ಡೇಟ್‌ಗೆ ಕೊಟ್ಟರೆ 1970ರ ಜನವರಿ 21 ಎಂದು ತೋರಿಸುತ್ತದೆ. ಹಾಗಾಗಿ ಪ್ರತಿ ಟೋಕನ್ ಕೂಡ ಹುಟ್ಟುವ ಮೊದಲೇ ಅವಧಿ ಮುಗಿದ ಹಾಗೆ ಕಾಣುತ್ತದೆ.

ಇಷ್ಟೆಲ್ಲ ಸರಿ ಮಾಡಿಕೊಂಡರೂ ಟೋಕನ್‌ನಲ್ಲಿರುವ ಹೆಸರು ಅದನ್ನು ಬರೆದ ಕ್ಷಣದ್ದು. ಹೆಸರು ತೋರಿಸಲು ಪರವಾಗಿಲ್ಲ. ರೋಲ್ ನೋಡಿ ನಿರ್ಧಾರ ಮಾಡಲು ಸಾಲದು.

ಐಡಿ ಟೋಕನ್, ಆಕ್ಸೆಸ್ ಟೋಕನ್ ಎರಡೂ ಬರುತ್ತವೆ. ಹೆಸರು ಯಾವುದರಿಂದ ತೆಗೆದುಕೊಳ್ಳಬೇಕು?

ಐಡಿ ಟೋಕನ್‌ನಿಂದ. ಲಾಗಿನ್‌ಗೆ ಬಳಸುವ ಓಪನ್‌ಐಡಿ ಕನೆಕ್ಟ್ ಎಂಬ ಮಾನದಂಡ ಅದನ್ನು ತಂದಿದ್ದೇ ನಿಮ್ಮ ಆಪ್‌ಗೆ "ಯಾರು ಲಾಗಿನ್ ಆದರು" ಎಂದು ಹೇಳುವುದಕ್ಕೆ. ಆಕ್ಸೆಸ್ ಟೋಕನ್ ಎಪಿಐಗೆ, ಅಂದರೆ ಆಪ್ ಡೇಟಾ ಕೇಳುವ ಸರ್ವರ್ ಬಾಗಿಲಿಗೆ, ಕೊಡುವ ಪಾಸ್. ಅದರೊಳಗೆ ಏನಿದೆ ಎಂದು ಇಣುಕುವುದು ನಿಮ್ಮ ಕೆಲಸವಲ್ಲ. ಇವತ್ತು ಬಿಚ್ಚಲು ಬರುತ್ತದೆ ಎಂದು ನೆಚ್ಚಿಕೊಂಡರೆ, ನಾಳೆ ಕೊಡುವವರು ರೂಪ ಬದಲಿಸಿದಾಗ ಕೇಳುವಂತಿಲ್ಲ. ಹಾಗೆಯೇ ಐಡಿ ಟೋಕನ್ ಅನ್ನು ಎಪಿಐಗೆ ಕಳಿಸಬೇಡಿ.

ಟೋಕನ್ ಎಲ್ಲಿ ಇಡೋದು? ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟರೆ ಸುಲಭ ಅಲ್ವಾ?

ಸುಲಭ ಹೌದು. ಕದಿಯುವವರಿಗೂ ಸುಲಭ. ಲೋಕಲ್ ಸ್ಟೋರೇಜ್ ಆ ಪುಟದಲ್ಲಿ ಓಡುವ ಪ್ರತಿಯೊಂದು ಸ್ಕ್ರಿಪ್ಟ್‌ಗೂ ತೆರೆದ ಕಪಾಟು. ನೀವು ಬರೆದ ಕೋಡ್ ಮಾತ್ರ ಓಡುತ್ತದೆ ಎಂದು ಎದೆ ತಟ್ಟಿ ಹೇಳುವವರು ಕಮ್ಮಿ. ಒಂದು ಪ್ಯಾಕೇಜ್ ಹಾಕಿದರೆ ಅದರ ಹಿಂದೆ ನೂರಾರು ಬರುತ್ತವೆ.

ಆಪ್ ಮತ್ತು ಎಪಿಐ ಒಂದೇ ಸೈಟ್‌ನಲ್ಲಿದ್ದರೆ ನನ್ನ ಆಯ್ಕೆ ಯಾವಾಗಲೂ ಕುಕೀ. ಎಚ್‌ಟಿಟಿಪಿ ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಮೂರನ್ನೂ ಹಾಕಿ. ಎಚ್‌ಟಿಟಿಪಿ ಓನ್ಲಿ ಹಾಕಿದ ಕುಕೀ ಜಾವಾಸ್ಕ್ರಿಪ್ಟ್ ಕಣ್ಣಿಗೆ ಬೀಳುವುದಿಲ್ಲ. ಸೇಮ್‌ಸೈಟ್ ಅನ್ನು ಲ್ಯಾಕ್ಸ್ ಅಥವಾ ಅದಕ್ಕಿಂತ ಬಿಗಿಯಾದ ಸ್ಟ್ರಿಕ್ಟ್ ಎಂದು ಇಟ್ಟರೆ ಬೇರೆ ಸೈಟ್‌ನಿಂದ ಹೊರಟ ಪೋಸ್ಟ್ ಬಗೆಯ ಫಾರ್ಮ್ ಸಬ್ಮಿಟ್‌ನ ಜೊತೆ ಕುಕೀ ಹೋಗುವುದಿಲ್ಲ. ಏನೂ ಬರೆಯದಿದ್ದರೆ ಲ್ಯಾಕ್ಸ್ ಎಂದೇ ಹಿಡಿಯುವುದನ್ನು ಕ್ರೋಮ್ 2020ರಲ್ಲಿ ಶುರು ಮಾಡಿತು. ಆದರೂ ಬಾಯಿಬಿಟ್ಟು ಬರೆಯುವುದು ಒಳ್ಳೆಯದು, ಎಲ್ಲ ಬ್ರೌಸರ್‌ಗಳೂ ಒಂದೇ ಥರ ಅಲ್ಲ.

ಹಾಗಂತ ಕುಕೀ ಇದ್ದರೆ ಎಲ್ಲ ಸರಿ ಅಂತಲ್ಲ. ಪುಟದೊಳಗೆ ಕೆಟ್ಟ ಸ್ಕ್ರಿಪ್ಟ್ ನುಗ್ಗಿದರೆ ಅದು ಕುಕೀಯನ್ನು ಓದಲಾರದು ನಿಜ. ಆದರೆ ಅಲ್ಲೇ ಕೂತು ಬಳಕೆದಾರರ ಹೆಸರಿನಲ್ಲಿ ರಿಕ್ವೆಸ್ಟ್ ಕಳಿಸಬಲ್ಲದು. ಕೀಲಿಕೈ ಹೊರಗೆ ಹೋಗುವುದು ತಪ್ಪುತ್ತದೆ, ಅಷ್ಟೇ.

ಕುಕೀ ಜಾವಾಸ್ಕ್ರಿಪ್ಟ್‌ಗೆ ಕಾಣುವುದೇ ಇಲ್ಲ ಅಂದರೆ, ಲಾಗಿನ್ ಆಗಿದ್ದಾರೋ ಇಲ್ಲವೋ ಗೊತ್ತಾಗುವುದು ಹೇಗೆ?

ಕೇಳಿ. ಸರ್ವರ್‌ನಲ್ಲಿ ಒಂದು ಎಂಡ್‌ಪಾಯಿಂಟ್ ಇಡಿ. ರೂಢಿಯಲ್ಲಿ ಅದಕ್ಕೆ "ಮೀ" ಎಂದು ಹೆಸರಿಡುತ್ತಾರೆ, ನಾನು ಯಾರು ಎಂದು ಕೇಳಿದ ಹಾಗೆ. ಆಪ್ ತೆರೆದ ಕೂಡಲೇ ಅದಕ್ಕೊಂದು ರಿಕ್ವೆಸ್ಟ್ ಹೋಗಲಿ. ಕುಕೀ ಸರಿ ಇದ್ದರೆ ಐಡಿ, ಹೆಸರು, ಚಿತ್ರದ ವಿಳಾಸ ಬರುತ್ತದೆ. ಇಲ್ಲದಿದ್ದರೆ 401, ಅಂದರೆ ನೀವು ಯಾರೋ ಗೊತ್ತಿಲ್ಲ ಎಂಬ ಉತ್ತರ.

ಎಪಿಐ ಬೇರೆ ಆರಿಜಿನ್‌ನಲ್ಲಿದ್ದರೆ (ವಿಳಾಸದ ಡೊಮೇನ್ ಅಥವಾ ಪೋರ್ಟ್ ಬೇರೆ ಇದ್ದರೆ) ಫೆಚ್‌ಗೆ ಕ್ರೆಡೆನ್ಷಿಯಲ್ಸ್ ಎಂಬ ಆಯ್ಕೆಯನ್ನು "ಇನ್‌ಕ್ಲೂಡ್" ಎಂದು ಕೊಡಬೇಕು. ಕೊಡದಿದ್ದರೆ ಕುಕೀ ಹೋಗುವುದೇ ಇಲ್ಲ. ಎಪಿಐ ಪರೀಕ್ಷಿಸುವ ಪೋಸ್ಟ್‌ಮನ್ ಟೂಲ್‌ನಲ್ಲಿ ಬರುತ್ತದೆ, ಬ್ರೌಸರ್‌ನಲ್ಲಿ ಬರಲ್ಲ ಎನ್ನುವವರಿಗೆ ನಾನು ಮೊದಲು ಕೇಳುವುದೇ ಇದನ್ನು.

ಹಾಗಾದರೆ ಹೆಸರು ಬೇಕಾದ ಪ್ರತಿ ಕಾಂಪೊನೆಂಟ್‌ನಲ್ಲೂ "ಮೀ" ಕರೆಯಬೇಕಾ?

ಬೇಡ. ಒಂದೇ ಕಡೆ ಕೇಳಿ, ಎಲ್ಲ ಕಡೆ ಓದಿ.

ರಿಯಾಕ್ಟ್‌ನಲ್ಲಿ ಇದಕ್ಕೆ ಕಾಂಟೆಕ್ಸ್ಟ್ ಇದೆ, ಮೇಲೆ ಇಟ್ಟಿದ್ದನ್ನು ಕೆಳಗಿನ ಯಾವ ಕಾಂಪೊನೆಂಟ್ ಬೇಕಾದರೂ ಓದುವ ಏರ್ಪಾಡು. ಕಾಂಪೊನೆಂಟ್‌ಗಳ ಮರದ ತುದಿಯಲ್ಲಿ ಒಂದು ಪ್ರೊವೈಡರ್ ಇಡುತ್ತೀರಿ. ಅದೇ "ಮೀ" ಕರೆದು ಉತ್ತರವನ್ನು ಸ್ಟೇಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕೆಳಗೆ ಎಷ್ಟೇ ಆಳದಲ್ಲಿರುವ ಕಾಂಪೊನೆಂಟ್ ಆದರೂ ಯೂಸ್‌ಕಾಂಟೆಕ್ಸ್ಟ್ ಹುಕ್ ಮೂಲಕ ಅದನ್ನು ಓದಬಹುದು. ಇದಿಲ್ಲದಿದ್ದರೆ ಲೇಔಟ್‌ನಿಂದ ಹೆಡರ್, ಹೆಡರ್‌ನಿಂದ ಮೆನು, ಮೆನುವಿನಿಂದ ಅವತಾರ್ ಎಂದು ಪ್ರಾಪ್ಸ್ (ಕಾಂಪೊನೆಂಟ್‌ಗೆ ಕೊಡುವ ಮಾಹಿತಿ) ಅನ್ನು ಕೈಯಿಂದ ಕೈಗೆ ದಾಟಿಸುತ್ತಾ ಕೂರಬೇಕು. ನಡುವಿನವರಿಗೆ ಅದರ ಅಗತ್ಯವೇ ಇರುವುದಿಲ್ಲ, ಸುಮ್ನೆ ಹೊರುತ್ತಾರೆ.

ಒಂದು ಚಿಕ್ಕ ಸಲಹೆ. ಯೂಸ್‌ಕಾಂಟೆಕ್ಸ್ಟ್ ಅನ್ನು ಎಲ್ಲೆಂದರಲ್ಲಿ ನೇರವಾಗಿ ಕರೆಯಬೇಡಿ. ಯೂಸ್‌ಯೂಸರ್ ಎಂದು ನಿಮ್ಮದೇ ಹುಕ್ ಬರೆದು ಅದರೊಳಗೆ ಇಡಿ. ಪ್ರೊವೈಡರ್ ಹೊರಗೆ ಯಾರಾದರೂ ಅದನ್ನು ಕರೆದರೆ ಅಲ್ಲೇ ಎರರ್ ಎಸೆಯಲಿ. ಇಲ್ಲದಿದ್ದರೆ ಡೀಫಾಲ್ಟ್ ಬೆಲೆ (ವ್ಯಾಲ್ಯೂ) ಬಂದು, ಲಾಗಿನ್ ಆದವರೂ ಆಗದವರಂತೆ ಕಂಡು, ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ಸಂಜೆ ಆಗುತ್ತದೆ. ಮುಂದೆ ಕಾಂಟೆಕ್ಸ್ಟ್ ಬಿಟ್ಟು ಡೇಟಾ ತಂದು ಹಿಡಿದಿಡುವ ಟ್ಯಾನ್‌ಸ್ಟ್ಯಾಕ್ ಕ್ವೆರಿ ಲೈಬ್ರರಿಗೆ ಹೋದರೂ ಆ ಒಂದು ಫೈಲ್ ಬದಲಿಸಿದರೆ ಮುಗಿಯಿತು.

ಡೆವಲಪ್‌ಮೆಂಟ್‌ನಲ್ಲಿ "ಮೀ" ಎರಡೆರಡು ಸಲ ಹೋಗುತ್ತಿದೆ. ನನ್ನ ತಪ್ಪಾ?

ಅಲ್ಲ. ರಿಯಾಕ್ಟ್ 18ರಿಂದ ಸ್ಟ್ರಿಕ್ಟ್ ಮೋಡ್ ಬೇಕೆಂದೇ ಎಫೆಕ್ಟ್‌ಗಳನ್ನು (ಕಾಂಪೊನೆಂಟ್ ಪರದೆಗೆ ಬಂದ ಮೇಲೆ ಓಡುವ ಕೋಡ್) ಎರಡು ಸಲ ಓಡಿಸುತ್ತದೆ. ಪ್ರೊಡಕ್ಷನ್‌ನಲ್ಲಿ ಹಾಗಾಗುವುದಿಲ್ಲ.

ಪುಟ ರೀಫ್ರೆಶ್ ಮಾಡಿದಾಗ ಒಂದು ಕ್ಷಣ "ಲಾಗಿನ್" ಬಟನ್ ಮಿಂಚಿ ಮಾಯವಾಗುತ್ತದೆ. ಯಾಕೆ?

ನನ್ನ ಪ್ರಕಾರ ಈ ಇಡೀ ವಿಷಯದ ಮುಖ್ಯ ಪ್ರಶ್ನೆ ಇದೇ. ಬಹಳ ಜನ ಇದನ್ನು ಅಂದ ಚೆಂದದ ಸಮಸ್ಯೆ ಅಂದುಕೊಳ್ಳುತ್ತಾರೆ. ಅಲ್ಲ, ಇದು ಲೆಕ್ಕದ ತಪ್ಪು.

ಲಾಗಿನ್ ಆಗಿದ್ದಾರೆ, ಆಗಿಲ್ಲ ಎಂದು ನಾವು ಎರಡೇ ಸ್ಥಿತಿ ಎಣಿಸುತ್ತೇವೆ. ನಿಜವಾಗಿ ಇರುವುದು ಮೂರು. ಮೂರನೆಯದು "ಇನ್ನೂ ಗೊತ್ತಿಲ್ಲ". ಆಪ್ ತೆರೆದ ಕ್ಷಣದಿಂದ "ಮೀ" ಉತ್ತರ ಬರುವವರೆಗೆ ಎಲ್ಲರೂ ಈ ಮೂರನೆಯ ಸ್ಥಿತಿಯಲ್ಲೇ ಇರುತ್ತಾರೆ. ನೀವು ಯೂಸರ್ ಸ್ಟೇಟ್ ಅನ್ನು ನಲ್ (ಏನೂ ಇಲ್ಲ) ಎಂದು ಶುರು ಮಾಡಿ, ನಲ್ ಇದ್ದರೆ ಲಾಗಿನ್ ಬಟನ್ ತೋರಿಸು ಎಂದು ಬರೆದಿದ್ದೀರಿ. ಗೊತ್ತಿಲ್ಲ ಎನ್ನುವುದನ್ನು ಇಲ್ಲ ಎಂದು ಓದಿದ ಹಾಗಾಯಿತು.

ಬಟನ್ ಮಿಂಚಿದರೆ ಕಣ್ಣಿಗೆ ಕಿರಿಕಿರಿ, ಅಷ್ಟೇ. ಪುಟಕ್ಕೆ ಬಿಡಬೇಕೋ ಬೇಡವೋ ಎಂದು ನೋಡುವ ರೂಟ್ ಗಾರ್ಡ್‌ನಲ್ಲಿ ಇದೇ ತಪ್ಪು ಮಾಡಿದರೆ ಏಟು ಜೋರು. ಬಳಕೆದಾರರು ಅರ್ಧ ತುಂಬಿದ ಫಾರ್ಮ್‌ನ ಪುಟವನ್ನು ರೀಫ್ರೆಶ್ ಮಾಡುತ್ತಾರೆ. ಗಾರ್ಡ್ ನೋಡುತ್ತದೆ, ಯೂಸರ್ ನಲ್. ಲಾಗಿನ್ ಪುಟಕ್ಕೆ ಅಟ್ಟುತ್ತದೆ. ಅಷ್ಟರಲ್ಲಿ "ಮೀ" ಉತ್ತರ ಬಂತು, ಇವರು ಲಾಗಿನ್ ಆದವರೇ. ಲಾಗಿನ್ ಪುಟ ಅವರನ್ನು ಮುಖಪುಟಕ್ಕೆ ಅಟ್ಟುತ್ತದೆ. ಎಲ್ಲಿ ಇದ್ದವರು ಎಲ್ಲಿಗೆ ಬಂದರು ನೋಡಿ. ಪ್ರತಿ ಸಲ ರೀಫ್ರೆಶ್ ಮಾಡಿದಾಗಲೂ ಮುಖಪುಟಕ್ಕೇ ಬರುತ್ತದೆ ಎಂಬ ದೂರು ಬಂದರೆ ಮೊದಲು ಗಾರ್ಡ್ ತೆರೆದು ನೋಡಿ.

ಪರಿಹಾರ ಕಷ್ಟವಿಲ್ಲ. ಗೊತ್ತಿಲ್ಲದಿದ್ದಾಗ ಅನ್‌ಡಿಫೈನ್ಡ್, ಇಲ್ಲದಿದ್ದಾಗ ನಲ್, ಇದ್ದಾಗ ಆಬ್ಜೆಕ್ಟ್ ಎಂದು ಇಟ್ಟುಕೊಳ್ಳಬಹುದು. ನನಗೆ ಇಷ್ಟವಾಗುವುದು ಸ್ಟೇಟಸ್ ಎಂದೇ ಬೇರೆ ಒಂದು ಫೀಲ್ಡ್ ಇಟ್ಟು ಅದಕ್ಕೆ ಲೋಡಿಂಗ್, ಇನ್, ಔಟ್ ಎಂದು ಮೂರು ಬೆಲೆ ಕೊಡುವುದು. ಓದುವವರಿಗೆ ಸ್ಪಷ್ಟವಾಗಿರುತ್ತದೆ. ಲೋಡಿಂಗ್ ಇರುವಾಗ ಹೆಡರ್‌ನಲ್ಲಿ ಅಷ್ಟೇ ಅಗಲದ ಖಾಲಿ ಜಾಗ ಬಿಡಿ, ಗಾರ್ಡ್ ಸುಮ್ಮನೆ ಕಾಯಲಿ.

ನೆಟ್‌ವರ್ಕ್ ಕೈಕೊಟ್ಟಾಗ? "ಮೀ" 401 ಕೊಟ್ಟರೆ ಲಾಗಿನ್ ಇಲ್ಲ ಎಂದರ್ಥ. 500 (ಸರ್ವರ್‌ನದೇ ಎರರ್) ಕೊಟ್ಟರೆ ಅಥವಾ ಉತ್ತರವೇ ಬರದಿದ್ದರೆ ಇನ್ನೂ ಗೊತ್ತಿಲ್ಲ ಎಂದೇ ಅರ್ಥ. ಕ್ಯಾಚ್ ಬ್ಲಾಕ್‌ನಲ್ಲಿ ಎಲ್ಲಕ್ಕೂ ಒಂದೇ ಸಲ ನಲ್ ಹಾಕಿದರೆ, ಸರ್ವರ್ ಐದು ನಿಮಿಷ ಮಲಗಿದಾಗ ಆಪ್‌ನಲ್ಲಿದ್ದ ಎಲ್ಲರೂ ಹೊರಬೀಳುತ್ತಾರೆ.

ಕಾಂಟೆಕ್ಸ್ಟ್ ಬದಲಾದರೆ ಇಡೀ ಆಪ್ ಮತ್ತೆ ರೆಂಡರ್ ಆಗುತ್ತದಂತೆ, ನಿಜವಾ?

ಇಡೀ ಆಪ್ ಅಲ್ಲ, ಆ ಕಾಂಟೆಕ್ಸ್ಟ್ ಓದುವ ಕಾಂಪೊನೆಂಟ್‌ಗಳು. ಬಳಕೆದಾರರ ಮಾಹಿತಿ ದಿನಕ್ಕೆ ಎಷ್ಟು ಸಲ ಬದಲಾಗುತ್ತದೆ ಹೇಳಿ? ಲಾಗಿನ್‌ಗೊಮ್ಮೆ, ಲಾಗ್‌ಔಟ್‌ಗೊಮ್ಮೆ. ತಲೆ ಕೆಡಿಸಿಕೊಳ್ಳಬೇಡಿ. ಒಂದನ್ನು ಮಾತ್ರ ನೋಡಿಕೊಳ್ಳಿ: ಪ್ರೊವೈಡರ್‌ಗೆ ಕೊಡುವ ಆಬ್ಜೆಕ್ಟ್ ಅನ್ನು ಪ್ರತಿ ರೆಂಡರ್‌ನಲ್ಲೂ ಹೊಸದಾಗಿ ಕಟ್ಟಬೇಡಿ, ಯೂಸ್‌ಮೆಮೋದಲ್ಲಿ ಹಿಡಿದಿಡಿ. ಮತ್ತೆ, ಓದದ ನೋಟಿಫಿಕೇಶನ್ ಎಣಿಕೆಯಂಥ ಗಳಿಗೆಗೊಮ್ಮೆ ಬದಲಾಗುವ ಸಂಗತಿಯನ್ನು ಅದೇ ಕಾಂಟೆಕ್ಸ್ಟ್‌ಗೆ ತುರುಕಬೇಡಿ.

ನಾನು ವ್ಯೂ ಅಥವಾ ಆಂಗ್ಯುಲರ್ ಬಳಸುತ್ತೇನೆ. ಲೆಕ್ಕ ಬೇರೆಯಾ?

ಲೆಕ್ಕ ಅದೇ, ಹೆಸರು ಬೇರೆ. ವ್ಯೂನಲ್ಲಿ ಎಲ್ಲರೂ ಓದುವ ಸ್ಟೇಟ್ ಇಡುವ ಪೀನ್ಯಾ ಸ್ಟೋರ್ ಅಥವಾ ಪ್ರೊವೈಡ್-ಇಂಜೆಕ್ಟ್ ಜೋಡಿ. ಪೀನ್ಯಾ ಬಳಸುವವರು ಸ್ಟೋರ್‌ನಿಂದ ಯೂಸರ್ ಅನ್ನು ನೇರವಾಗಿ ಡೀಸ್ಟ್ರಕ್ಚರ್ ಮಾಡಿ ತೆಗೆದರೆ ರಿಯಾಕ್ಟಿವಿಟಿ ಕಡಿದು ಹೋಗುತ್ತದೆ. ಲಾಗಿನ್ ಆದರೂ ಹೆಡರ್ ಅಲ್ಲಾಡುವುದಿಲ್ಲ. ಸ್ಟೋರ್‌ಟುರೆಫ್ಸ್ ಬಳಸಿ.

ಆಂಗ್ಯುಲರ್‌ನಲ್ಲಿ ಆಪ್‌ನ ಬುಡದಲ್ಲೇ (ರೂಟ್) ಒಂದು ಸರ್ವಿಸ್, ಅದನ್ನು ಬೇಕಾದ ಕಡೆ ಇಂಜೆಕ್ಟ್ ಮಾಡಿಕೊಳ್ಳುವುದು. ಒಳಗೆ ಬಿಹೇವಿಯರ್ ಸಬ್ಜೆಕ್ಟ್ ಇರಲಿ, ಇಲ್ಲವೇ ಹೊಸ ಕೋಡ್ ಆದರೆ ಸಿಗ್ನಲ್ ಇರಲಿ. ಟೆಂಪ್ಲೇಟ್‌ನಲ್ಲಿ ಅಸಿಂಕ್ ಪೈಪ್ ಬಳಸಿದರೆ ಅನ್‌ಸಬ್‌ಸ್ಕ್ರೈಬ್ ಮಾಡುವ ಚಿಂತೆ ಇಲ್ಲ. ಆಪ್ ಇನಿಶಿಯಲೈಸರ್‌ನಲ್ಲೇ "ಮೀ" ಕರೆದು ಮುಗಿಸಿದರೆ ಮೇಲೆ ಹೇಳಿದ ಮೂರನೆಯ ಸ್ಥಿತಿಯ ತಲೆನೋವು ಬಹಳ ಕಮ್ಮಿ. ಉತ್ತರ ಬರುವವರೆಗೆ ಪರದೆ ಖಾಲಿ ಇರುತ್ತದೆ, ಅದಕ್ಕೆ ಒಪ್ಪಬೇಕು.

ಬ್ಲೇಜರ್‌ನಲ್ಲಿ ಎಚ್‌ಟಿಟಿಪಿ ಕಾಂಟೆಕ್ಸ್ಟ್ ಕೆಲವು ಸಲ ಸಿಗುತ್ತದೆ, ಕೆಲವು ಸಲ ನಲ್. ಏನಿದು ಆಟ?

ಡಾಟ್‌ನೆಟ್‌ನ ಹಳೆಯ ಬಗೆಗಳಾದ ಎಂವಿಸಿ, ರೇಜರ್ ಪೇಜಸ್‌ನಿಂದ ಬಂದವರಿಗೆ ಇದು ಖಂಡಿತ ಗೊಂದಲ. ಅಲ್ಲಿ ಪ್ರತಿ ಪುಟಕ್ಕೂ ಒಂದು ರಿಕ್ವೆಸ್ಟ್, ಪ್ರತಿ ರಿಕ್ವೆಸ್ಟ್‌ಗೂ ಒಂದು ಎಚ್‌ಟಿಟಿಪಿ ಕಾಂಟೆಕ್ಸ್ಟ್. ಸರ್ವರ್‌ನಲ್ಲಿ ಓಡುವ ಇಂಟರಾಕ್ಟಿವ್ ಬ್ಲೇಜರ್ ಹಾಗಲ್ಲ. ಮೊದಲ ಪುಟ ಬಂದ ಮೇಲೆ ಮಿಕ್ಕಿದ್ದೆಲ್ಲ ಸಿಗ್ನಲ್‌ಆರ್ ಸಂಪರ್ಕದ ಮೇಲೆ, ಸಾಮಾನ್ಯವಾಗಿ ವೆಬ್‌ಸಾಕೆಟ್‌ನಲ್ಲಿ ನಡೆಯುತ್ತದೆ. ಬಟನ್ ಒತ್ತಿದರೆ ಹೊಸ ರಿಕ್ವೆಸ್ಟ್ ಹೋಗುವುದೇ ಇಲ್ಲ. ರಿಕ್ವೆಸ್ಟೇ ಇಲ್ಲದ ಮೇಲೆ ಅದರ ಕಾಂಟೆಕ್ಸ್ಟ್ ಎಲ್ಲಿಂದ ಬರಬೇಕು? ಪ್ರೀರೆಂಡರ್ ಆಗುವಾಗ ಮಾತ್ರ ನಿಜವಾದ ರಿಕ್ವೆಸ್ಟ್ ಇರುತ್ತದೆ, ಆಗ ಸಿಗುತ್ತದೆ. ಅದಕ್ಕೇ ಒಮ್ಮೆ ಸಿಕ್ಕಿ ಒಮ್ಮೆ ಕೈತಪ್ಪುವುದು.

ಸರಿಯಾದ ದಾರಿ ಅಥೆಂಟಿಕೇಶನ್ ಸ್ಟೇಟ್. ಡಾಟ್‌ನೆಟ್ 8ರಿಂದ ಪ್ರೋಗ್ರಾಂ ಫೈಲ್‌ನಲ್ಲಿ ಆ್ಯಡ್ ಕ್ಯಾಸ್ಕೇಡಿಂಗ್ ಅಥೆಂಟಿಕೇಶನ್ ಸ್ಟೇಟ್ ಎಂಬ ಒಂದು ಸಾಲು ಸೇರಿಸಿದರೆ ಸಾಕು. ಕಾಂಪೊನೆಂಟ್‌ನಲ್ಲಿ ಕ್ಯಾಸ್ಕೇಡಿಂಗ್ ಪ್ಯಾರಾಮೀಟರ್ ಆಗಿ ಅದನ್ನು ತೆಗೆದುಕೊಳ್ಳಿ. ಕೈಗೆ ಬರುವುದು ಒಂದು ಟಾಸ್ಕ್, ಅದನ್ನು ಅವೇಟ್ ಮಾಡಿದರೆ ಒಳಗೆ ಯೂಸರ್ ಇರುತ್ತಾರೆ. ಬರೀ ತೋರಿಸುವ, ಅಡಗಿಸುವ ಕೆಲಸ ಇದ್ದರೆ ಆಥರೈಸ್ ವ್ಯೂ ಎಂಬ ಸಿದ್ಧ ಕಾಂಪೊನೆಂಟ್ ಇದೆ. ಅದರಲ್ಲಿ ಆಥರೈಸ್ಡ್, ನಾಟ್ ಆಥರೈಸ್ಡ್, ಆಥರೈಸಿಂಗ್ ಎಂದು ಮೂರು ಭಾಗ ಕೊಟ್ಟಿದ್ದಾರೆ. ಮೂರನೆಯ ಸ್ಥಿತಿ ನೆನಪಾಯಿತಲ್ವಾ?

ಇನ್ನೊಂದು ಹಳ್ಳ: ಟೋಕನ್‌ನಲ್ಲಿ ಸಬ್ ಎಂದಿದೆ, ಕೋಡ್‌ನಲ್ಲಿ ಸಬ್ ಎಂದು ಹುಡುಕಿದರೆ ನಲ್. ಡಾಟ್‌ನೆಟ್ ಒಳಗೆ ಬರುವ ಕ್ಲೇಮ್‌ಗಳ (ಟೋಕನ್‌ನಲ್ಲಿರುವ ಸಬ್, ನೇಮ್‌ನಂಥ ಮಾಹಿತಿ) ಹೆಸರನ್ನು ಡೀಫಾಲ್ಟ್ ಆಗಿ ತನ್ನ ಹಳೆಯ ಉದ್ದುದ್ದ ಹೆಸರಿಗೆ ಬದಲಿಸುತ್ತದೆ. ನೇಮ್ ಐಡೆಂಟಿಫೈಯರ್ ಎಂದು ಹುಡುಕಿ ಅಥವಾ ಮ್ಯಾಪ್ ಇನ್‌ಬೌಂಡ್ ಕ್ಲೇಮ್ಸ್ ಎಂಬುದನ್ನು ಫಾಲ್ಸ್ ಮಾಡಿ.

ಸಂಪರ್ಕ ಗಂಟೆಗಟ್ಟಲೆ ತೆರೆದಿರುವುದರಿಂದ, ನಡುವೆ ಯಾರನ್ನಾದರೂ ಬ್ಲಾಕ್ ಮಾಡಿದರೂ ಅವರ ಪರದೆಗೆ ತಕ್ಷಣ ತಿಳಿಯುವುದಿಲ್ಲ. ಡಾಟ್‌ನೆಟ್‌ನ ಲಾಗಿನ್ ವ್ಯವಸ್ಥೆಯಾದ ಐಡೆಂಟಿಟಿ ಜೊತೆ ಬರುವ ಟೆಂಪ್ಲೇಟ್ 30 ನಿಮಿಷಕ್ಕೊಮ್ಮೆ ಮರುಪರಿಶೀಲನೆ ಮಾಡುತ್ತದೆ. ನಿಮಗೆ ಅದು ಜಾಸ್ತಿ ಅನಿಸಿದರೆ ಇಳಿಸಿಕೊಳ್ಳಿ.

ನೆಕ್ಸ್ಟ್ ಜೆಎಸ್ ಸರ್ವರ್ ಕಾಂಪೊನೆಂಟ್‌ನಲ್ಲಿ ಇದೆಲ್ಲ ಬೇಕಾಗಿಲ್ಲ ಅಲ್ವಾ?

ರಿಯಾಕ್ಟ್ ಮೇಲೆ ಕಟ್ಟಿದ ನೆಕ್ಸ್ಟ್ ಜೆಎಸ್‌ನಲ್ಲಿ ಬಹಳಷ್ಟು ಬೇಕಾಗಿಲ್ಲ, ಅದೇ ಅದರ ಸುಖ. ಸರ್ವರ್‌ನಲ್ಲೇ ಕುಕೀ ಓದಿ, ಸೆಷನ್ ನೋಡಿ, ಹೆಸರು ಹಾಕಿದ ಎಚ್‌ಟಿಎಂಎಲ್ ಕಳಿಸಬಹುದು. ಬಟನ್ ಮಿಂಚುವ ಮಾತೇ ಇಲ್ಲ. ಯೂಸರ್ ತರುವ ಫಂಕ್ಷನ್ ಅನ್ನು ರಿಯಾಕ್ಟ್‌ನ ಕ್ಯಾಶ್ ಒಳಗೆ ಸುತ್ತಿಟ್ಟರೆ ಹತ್ತು ಕಾಂಪೊನೆಂಟ್ ಕರೆದರೂ ಒಂದು ರಿಕ್ವೆಸ್ಟ್‌ಗೆ ಒಂದೇ ಸಲ ಡೇಟಾಬೇಸ್ ಮುಟ್ಟುತ್ತದೆ.

ಎರಡು ಕಡೆ ಎಚ್ಚರ ಬೇಕು. ಸರ್ವರ್ ಕಾಂಪೊನೆಂಟ್‌ನಿಂದ ಕ್ಲೈಂಟ್ ಕಾಂಪೊನೆಂಟ್‌ಗೆ ಪ್ರಾಪ್ಸ್ ಕೊಟ್ಟರೆ ಅದು ಪುಟದ ಜೊತೆ ಬ್ರೌಸರ್‌ಗೆ ಹೋಗುತ್ತದೆ. ಡೇಟಾಬೇಸ್‌ನಿಂದ ಬಂದ ಯೂಸರ್ ಸಾಲನ್ನು ಇಡಿಯಾಗಿ ಕೊಟ್ಟರೆ ಪಾಸ್‌ವರ್ಡ್ ಹ್ಯಾಶ್ ಕೂಡ ಪುಟದ ಸೋರ್ಸ್‌ನಲ್ಲಿ ಕೂತಿರುತ್ತದೆ. ಪರದೆ ಮೇಲೆ ಹೆಸರು ಮಾತ್ರ ಕಾಣುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಬೇಕಾದ ಎರಡು ಮೂರು ಫೀಲ್ಡ್ ಮಾತ್ರ ಕೊಡಿ.

ಇನ್ನೊಂದು, ರಿಕ್ವೆಸ್ಟ್ ಪುಟ ಮುಟ್ಟುವ ಮೊದಲೇ ಓಡುವ ಮಿಡಲ್‌ವೇರ್ ಒಂದನ್ನೇ ನಂಬಿ ಕೂರಬೇಡಿ. 2025ರ ಮಾರ್ಚ್‌ನಲ್ಲಿ ನೆಕ್ಸ್ಟ್ ಜೆಎಸ್‌ನಲ್ಲಿ ಒಂದು ದೊಡ್ಡ ಭದ್ರತಾ ತೂತು ಹೊರಬಿತ್ತು, ಅದರ ದಾಖಲೆ ಸಂಖ್ಯೆ ಸಿವಿಇ-2025-29927. ಒಂದು ನಿರ್ದಿಷ್ಟ ಹೆಡರ್ ಸೇರಿಸಿ ಕಳಿಸಿದರೆ ಮಿಡಲ್‌ವೇರ್ ಓಡದೆ ರಿಕ್ವೆಸ್ಟ್ ನೇರ ಒಳಗೆ ಹೋಗುತ್ತಿತ್ತು. 15.2.3 ಮತ್ತು 14.2.25 ಆವೃತ್ತಿಗಳಲ್ಲಿ ಅದನ್ನು ಮುಚ್ಚಿದರು. ಮಿಡಲ್‌ವೇರ್‌ನಲ್ಲಿ ಒಮ್ಮೆ, ಡೇಟಾ ತರುವ ಜಾಗದಲ್ಲಿ ಇನ್ನೊಮ್ಮೆ ಪರೀಕ್ಷಿಸುತ್ತಿದ್ದವರ ಡೇಟಾ ಆಗಲೂ ಬಚಾವ್.

ಸರ್ವರ್‌ನಲ್ಲಿ ಯೂಸರ್ ಅನ್ನು ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಕೊಂಡರೆ?

ಇದನ್ನು ನಾನು ಮಾಡಿದ್ದೇನೆ. ಆಪ್ ಮೊದಲು ಬ್ರೌಸರ್‌ನಲ್ಲಷ್ಟೇ ಓಡುತ್ತಿತ್ತು. ಆಗ ಫೈಲ್‌ನ ತಲೆಯಲ್ಲಿ ಕರೆಂಟ್ ಯೂಸರ್ ಎಂದು ಒಂದು ವೇರಿಯಬಲ್ ಇಟ್ಟಿದ್ದೆ. ಬ್ರೌಸರ್ ಒಬ್ಬರದ್ದು, ತೊಂದರೆ ಇರಲಿಲ್ಲ. ಆಮೇಲೆ ಸರ್ವರ್ ರೆಂಡರಿಂಗ್ ಸೇರಿಸಿದೆವು, ಅದೇ ಫೈಲ್ ಸರ್ವರ್‌ನಲ್ಲೂ ಓಡತೊಡಗಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಚೆನ್ನಾಗಿತ್ತು, ಯಾಕೆಂದರೆ ನಾನೊಬ್ಬನೇ. ಮಧ್ಯಾಹ್ನ ಇಬ್ಬರು ಟೆಸ್ಟರ್‌ಗಳು ಒಟ್ಟಿಗೆ ಕೂತು ಪುಟ ತೆರೆದರು. ಒಬ್ಬರ ಪರದೆ ಮೇಲೆ ಇನ್ನೊಬ್ಬರ ಹೆಸರು. "ಇದು ನನ್ನ ಅಕೌಂಟ್ ಅಲ್ಲ ಮಾರಾಯಾ" ಎಂದು ಅವರು ಅಂದಾಗ ನಾನು ಮೊದಲು ನಂಬಲೇ ಇಲ್ಲ.

ಸರ್ವರ್‌ನಲ್ಲಿ ಆ ಫೈಲ್ ಒಮ್ಮೆ ಲೋಡ್ ಆದರೆ ಬರುವ ಎಲ್ಲರಿಗೂ ಅದೇ. ಒಬ್ಬರ ಡೇಟಾಬೇಸ್ ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಇನ್ನೊಬ್ಬರ ರಿಕ್ವೆಸ್ಟ್ ಬಂದು ಆ ವೇರಿಯಬಲ್ ಮೇಲೆ ಬರೆದು ಹೋಗುತ್ತದೆ. ಯೂಸರ್ ಅನ್ನು ರಿಕ್ವೆಸ್ಟ್‌ಗೇ ಕಟ್ಟಿ. ನೋಡ್‌ನಲ್ಲಿ ಅಸಿಂಕ್ ಲೋಕಲ್ ಸ್ಟೋರೇಜ್ ಇರುವುದು ಇದಕ್ಕೇ.

ಇದರ ಅಣ್ಣನಂಥ ತಪ್ಪು ಕ್ಯಾಶ್‌ನದ್ದು. ಹೆಸರು ಇರುವ ಪುಟವನ್ನು ಸಿಡಿಎನ್ (ಪುಟಗಳ ಪ್ರತಿ ಇಟ್ಟುಕೊಂಡು ಬೇಗ ಕೊಡುವ ಸರ್ವರ್‌ಗಳ ಜಾಲ) ಹಿಡಿದಿಟ್ಟು ಮುಂದಿನವರಿಗೂ ಅದನ್ನೇ ಕೊಟ್ಟರೆ ಮುಗಿಯಿತು. 2015ರ ಡಿಸೆಂಬರ್ 25ರಂದು ಗೇಮ್ ಮಾರುವ ಸ್ಟೀಮ್‌ನಲ್ಲಿ ಆಗಿದ್ದು ಇದೇ. ದಾಳಿ ತಡೆಯಲು ಕ್ಯಾಶ್ ನಿಯಮ ಬದಲಿಸುವಾಗ ತಪ್ಪಾಗಿ, ಕೆಲವರಿಗೆ ಬೇರೆಯವರ ಅಕೌಂಟ್ ಪುಟಗಳು ಕಂಡವು. "ಮೀ" ಉತ್ತರಕ್ಕೂ ಲಾಗಿನ್ ಆದವರ ಪುಟಗಳಿಗೂ ಕ್ಯಾಶ್ ಕಂಟ್ರೋಲ್‌ನಲ್ಲಿ ಪ್ರೈವೇಟ್, ನೋ-ಸ್ಟೋರ್ ಎಂದು ಬರೆಯಿರಿ.

ಅಡ್ಮಿನ್ ಅಲ್ಲದವರಿಗೆ "ಅಳಿಸು" ಬಟನ್ ಅಡಗಿಸಿದ್ದೇನೆ. ಸಾಕಲ್ವಾ?

ಸಾಲದು. ಬಟನ್ ಅಡಗಿಸುವುದು ಮರ್ಯಾದೆ, ಕಾವಲು ಅಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ರೋಲ್ ಅನ್ನು ಅಡ್ಮಿನ್ ಎಂದು ತಿದ್ದಲು ಅರ್ಧ ನಿಮಿಷ ಸಾಕು. ಬಟನ್ ಬೇಕಾಗಿಯೂ ಇಲ್ಲ, ಎಪಿಐ ವಿಳಾಸ ಗೊತ್ತಿದ್ದರೆ ನೇರವಾಗಿ ಕರೆಯಬಹುದು. ಫೋಟೋ ತಿದ್ದಿದವರನ್ನು ಹಿಡಿಯುವುದು ಆಸಾಮಿ ಇರುವ ಸರ್ವರ್‌ನಲ್ಲೇ.

ಹೋಗಲಿ, ಸರ್ವರ್‌ನಲ್ಲೂ ಬರೀ "ಲಾಗಿನ್ ಆಗಿದ್ದಾರಾ" ಎಂದು ನೋಡಿ ಬಿಟ್ಟರೆ? ಆಗ 84213ನೆಯ ಬಳಕೆದಾರರು ವಿಳಾಸದಲ್ಲಿ ನಂಬರ್ ಬದಲಿಸಿ 84214ರವರ ಬಿಲ್ ತೆರೆಯುತ್ತಾರೆ. ಈ ಬಿಲ್ ಇವರದ್ದೇನಾ ಎಂದೂ ನೋಡಬೇಕು. ಯೂಸರ್ ಐಡಿಯನ್ನು ರಿಕ್ವೆಸ್ಟ್ ಬಾಡಿಯಿಂದ ತೆಗೆದುಕೊಳ್ಳಲೇಬೇಡಿ, ಸೆಷನ್‌ನಿಂದ ತೆಗೆದುಕೊಳ್ಳಿ. ವೆಬ್ ಭದ್ರತೆಯ ಸಂಸ್ಥೆ ಓವಾಸ್ಪ್‌ನ 2021ರ ಟಾಪ್ 10 ಪಟ್ಟಿಯಲ್ಲಿ ಮೊದಲ ಸ್ಥಾನ ಈ ಬಗೆಯ ತಪ್ಪುಗಳಿಗೇ ಹೋಯಿತು.

401, 403 ಎರಡಕ್ಕೂ ಲಾಗಿನ್ ಪುಟಕ್ಕೆ ಕಳಿಸಿದರೆ ಆಗಲ್ವಾ?

401 ಅಂದರೆ ನೀವು ಯಾರೋ ಗೊತ್ತಿಲ್ಲ. 403 ಅಂದರೆ ನೀವು ಯಾರೆಂದು ಗೊತ್ತು, ಆದರೆ ಬಿಡುವುದಿಲ್ಲ. 403ಕ್ಕೂ ಲಾಗಿನ್ ಪುಟ ತೋರಿಸಿದರೆ ಪಾಪ ಅವರು ಮತ್ತೆ ಮತ್ತೆ ಪಾಸ್‌ವರ್ಡ್ ಹಾಕುತ್ತಲೇ ಇರುತ್ತಾರೆ.

ಟೋಕನ್ ಅವಧಿ ಮುಗಿದಾಗ ಐದು ಕಾಂಪೊನೆಂಟ್ ಒಟ್ಟಿಗೆ 401 ತಿಂದು, ಐದು ಸಲ ರೀಫ್ರೆಶ್ ಟೋಕನ್ ಕೇಳುತ್ತವೆ. ತಡೆಯುವುದು ಹೇಗೆ?

ರೀಫ್ರೆಶ್ ಟೋಕನ್ ಅಂದರೆ ಹೊಸ ಆಕ್ಸೆಸ್ ಟೋಕನ್ ಪಡೆಯಲು ಕೊಡುವ ಚೀಟಿ. ಅದನ್ನು ಕೊಟ್ಟು ಕೇಳಿದ ಮೊದಲ ಕರೆಯ ಪ್ರಾಮಿಸ್ ಅನ್ನು ಹಿಡಿದಿಟ್ಟುಕೊಳ್ಳಿ. ಮಿಕ್ಕ ನಾಲ್ಕೂ ಅದಕ್ಕೇ ಕಾಯಲಿ, ಮುಗಿದ ಮೇಲೆ ಖಾಲಿ ಮಾಡಿ. ಇದು ಬರೀ ಉಳಿತಾಯದ ಮಾತಲ್ಲ. ರೀಫ್ರೆಶ್ ಟೋಕನ್ ಒಂದು ಸಲ ಬಳಸಿದರೆ ಸಾಯುವಂತೆ ಇಟ್ಟಿರುವ ಕಡೆ, ಎರಡನೆಯ ಸಲ ಅದೇ ಟೋಕನ್ ಬಂದರೆ ಕಳ್ಳತನ ಎಂದು ತಿಳಿದು ಸರ್ವರ್ ಎಲ್ಲವನ್ನೂ ರದ್ದು ಮಾಡಬಹುದು. ನಿಮ್ಮ ಆಪ್ ತನ್ನನ್ನೇ ಕಳ್ಳ ಎಂದು ಹಿಡಿಸಿಕೊಟ್ಟ ಹಾಗೆ.

ಡೇಟಾಬೇಸ್‌ನಲ್ಲಿ ಬಳಕೆದಾರರನ್ನು ಇಮೇಲ್‌ನಿಂದ ಗುರುತಿಸಬಹುದಾ?

ಬೇಡ. ಇಮೇಲ್ ಬದಲಾಗುತ್ತದೆ, ಕೆಲವು ಕಡೆ ಬಿಟ್ಟ ವಿಳಾಸ ಬೇರೆಯವರಿಗೆ ಸಿಗುತ್ತದೆ. ಓಪನ್‌ಐಡಿ ಕನೆಕ್ಟ್‌ನಲ್ಲಿ ಬದಲಾಗದ ಗುರುತು ಸಬ್. ಅದೂ ಟೋಕನ್ ಕೊಟ್ಟವರ ಮಟ್ಟಿಗೆ ಮಾತ್ರ ಒಂದೇ. ಆದ್ದರಿಂದ ಕೊಟ್ಟವರ ಗುರುತಾದ ಐಎಸ್‌ಎಸ್ ಮತ್ತು ಸಬ್ ಎರಡನ್ನೂ ಸೇರಿಸಿ ಕೀ ಮಾಡಿ. ಸಬ್ ಅಂಕಿಯಂತೆ ಕಂಡರೂ ಅದು ಸ್ಟ್ರಿಂಗ್, ನಂಬರ್‌ಗೆ ತಿರುಗಿಸಿದರೆ ಉದ್ದದ ಐಡಿಗಳ ಕೊನೆಯ ಅಂಕಿಗಳು ಕೆಡುತ್ತವೆ.

ಪ್ರೊಫೈಲ್‌ನಲ್ಲಿ ಹೆಸರು ಬದಲಿಸಿದರೂ ಹೆಡರ್‌ನಲ್ಲಿ ಹಳೆಯದೇ ಇದೆ.

ಫೋಟೋ ಹಳೆಯದಾಗಿದೆ, ಹೊಸದು ತೆಗೆಯಿರಿ. ಸೇವ್ ಆದ ಮೇಲೆ "ಮೀ" ಮತ್ತೆ ಕರೆಯಿರಿ, ಅಥವಾ ಸೇವ್‌ನ ಉತ್ತರದಲ್ಲೇ ಬಂದ ಹೊಸ ಯೂಸರ್ ಅನ್ನು ಪ್ರೊವೈಡರ್‌ಗೆ ಹಾಕಿ. ಹೆಸರನ್ನು ಟೋಕನ್‌ನಿಂದ ಓದುತ್ತಿದ್ದರೆ ಹೊಸ ಟೋಕನ್ ಬರುವವರೆಗೆ ಹಳೆಯ ಹೆಸರೇ ಗತಿ.

ಒಂದು ಟ್ಯಾಬ್‌ನಲ್ಲಿ ಲಾಗ್‌ಔಟ್ ಮಾಡಿದರೆ ಇನ್ನೊಂದರಲ್ಲಿ ಹೆಸರು ಹಾಗೇ ಉಳಿಯುತ್ತದೆ. ಸರಿ ಮಾಡುವುದು ಹೇಗೆ?

ಬ್ರೌಸರ್‌ನ ಬ್ರಾಡ್‌ಕಾಸ್ಟ್ ಚಾನೆಲ್ ಬಳಸಿ ಮಿಕ್ಕ ಟ್ಯಾಬ್‌ಗಳಿಗೆ ಸುದ್ದಿ ಮುಟ್ಟಿಸಿ. ಲೋಕಲ್ ಸ್ಟೋರೇಜ್‌ನಲ್ಲಿ ಏನಾದರೂ ಬರೆದು ಸ್ಟೋರೇಜ್ ಇವೆಂಟ್ ಕೇಳಿಸಿಕೊಳ್ಳುವುದೂ ಒಂದು ದಾರಿ. ಆ ಇವೆಂಟ್ ಬರೆದ ಟ್ಯಾಬ್‌ನಲ್ಲಿ ಬರುವುದಿಲ್ಲ, ಬೇರೆ ಟ್ಯಾಬ್‌ಗಳಲ್ಲಿ ಮಾತ್ರ ಬರುತ್ತದೆ. ನಮಗೆ ಬೇಕಾಗಿದ್ದೂ ಅಷ್ಟೇ.

ಲಾಗ್‌ಔಟ್ ಅಂದರೆ ಯೂಸರ್ ಅನ್ನು ನಲ್ ಮಾಡುವುದಷ್ಟೇ ಅಲ್ಲ. ಸರ್ವರ್‌ನಲ್ಲಿ ಸೆಷನ್ ಸಾಯಬೇಕು. ಕ್ವೆರಿ ಕ್ಯಾಶ್ ಪೂರ್ತಿ ಖಾಲಿ ಮಾಡಬೇಕು, ಇಲ್ಲದಿದ್ದರೆ ಅದೇ ಕಂಪ್ಯೂಟರ್‌ನಲ್ಲಿ ಮುಂದೆ ಲಾಗಿನ್ ಆದವರಿಗೆ ಹಿಂದಿನವರ ಆರ್ಡರ್‌ಗಳು ಒಂದು ಕ್ಷಣ ಕಾಣುತ್ತವೆ. ನನಗಂತೂ ಲಾಗ್‌ಔಟ್ ಆದ ಮೇಲೆ ಪುಟವನ್ನೇ ಪೂರ್ತಿ ರೀಲೋಡ್ ಮಾಡಿಸುವುದು ಇಷ್ಟ. ಸೊಗಸಿಲ್ಲ, ಆದರೆ ಮೆಮೊರಿಯಲ್ಲಿ ಏನೂ ಉಳಿಯುವುದಿಲ್ಲ. ಬ್ಯಾಕ್ ಬಟನ್ ಒತ್ತಿದಾಗ ಬ್ರೌಸರ್ ಹಳೆಯ ಪುಟವನ್ನು ಇದ್ದ ಹಾಗೇ ಎಬ್ಬಿಸಿ ತಂದರೆ, ಪೇಜ್‌ಶೋ ಇವೆಂಟ್‌ನಲ್ಲಿ ಪರ್ಸಿಸ್ಟೆಡ್ ಟ್ರೂ ಇರುತ್ತದೆ. ಆಗ "ಮೀ" ಇನ್ನೊಮ್ಮೆ ಕೇಳಿ.

ಚಿತ್ರ ಇಲ್ಲದವರಿಗೆ ಹೆಸರಿನ ಮೊದಲ ಅಕ್ಷರ ತೋರಿಸುತ್ತೇನೆ. ಕನ್ನಡ ಹೆಸರಿಗೆ ಮಾತ್ರ ತಪ್ಪಾಗುತ್ತದೆ.

ಸ್ಟ್ರಿಂಗ್‌ನ ಸೊನ್ನೆಯನೆಯ ಜಾಗ ತೆಗೆದುಕೊಂಡರೆ "ಕೀರ್ತಿ" ಎಂಬುದು "ಕ" ಆಗುತ್ತದೆ, ಗುಣಿತ ಕಳಚಿ ಬೀಳುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅಕ್ಷರ ಬಿಡಿಸುವ ಇಂಟಲ್ ಸೆಗ್ಮೆಂಟರ್ ಬಳಸಿದರೆ "ಕೀ" ಸಿಗುತ್ತದೆ. ಒತ್ತಕ್ಷರದಿಂದ ಶುರುವಾಗುವ ಹೆಸರುಗಳನ್ನೂ ಹಾಕಿ ನೋಡಿ, ಅಲ್ಲಿ ಇದೂ ಎಡವಬಹುದು. ಹೆಸರೇ ಖಾಲಿ ಇರುವವರೂ ಇರುತ್ತಾರೆ. ನೇಮ್ ಕ್ಲೇಮ್ ಬಂದೇ ಬರುತ್ತದೆ ಎಂಬ ಭರವಸೆ ಇಲ್ಲ.

ಇದನ್ನೆಲ್ಲ ಟೆಸ್ಟ್ ಮಾಡುವುದು ಹೇಗೆ?

ಪ್ರೊವೈಡರ್ ಒಂದೇ ಕಡೆ ಇರುವುದರ ಲಾಭ ಇಲ್ಲಿ ಕಾಣುತ್ತದೆ. ಟೆಸ್ಟ್‌ನಲ್ಲಿ ಕಾಂಪೊನೆಂಟ್ ಅನ್ನು ನಕಲಿ ಯೂಸರ್ ಇರುವ ಪ್ರೊವೈಡರ್‌ನಲ್ಲಿ ಸುತ್ತಿದರೆ ಆಯಿತು. ಸರ್ವರ್ ಬೇಡ, ಟೋಕನ್ ಬೇಡ. ಹೆಡರ್‌ಗೆ ನಾನು ಬರೆಯುವುದು ಐದು ಟೆಸ್ಟ್: ಲೋಡಿಂಗ್, ಔಟ್, ಇನ್, ಹೆಸರಿಲ್ಲದ ಯೂಸರ್, ಆಮೇಲೆ ನಲವತ್ತು ಅಕ್ಷರದ ಹೆಸರಿನ ಯೂಸರ್. ಮೊದಲನೆಯದರಲ್ಲಿ ಲಾಗಿನ್ ಬಟನ್ ಕಾಣಬಾರದು ಎಂದು ಬರೆಯಲು ಮರೆಯಬೇಡಿ. ಜನ ಬಿಟ್ಟುಬಿಡುವುದು ಅದನ್ನೇ.